ನಕ್ಷೆಯ ಮೇಲಿನ ಊಟ

ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೋಳಿಗೆಯ ಬುಟ್ಟಿಗೂ ಮೊಸರಿನ ಗಡಿಗೆಗೂ ನಡುವೆ ಉಳಿದಿದ್ದ ಅಂಗೈಯಗಲ ಜಾಗದಲ್ಲಿ ಕೂತು, ಪ್ರತಿ ಕುಲುಕಿಗೂ ಗಡಿಗೆಯನ್ನು ಅವುಚಿ ಹಿಡಿಯುತ್ತ, ಈಗಲಾದರೂ ಹೇಳಿಬಿಡಬೇಕು ಅಂದುಕೊಂಡ ಕಾಶಿನಾಥ. ಎದುರಿಗೆ ಅವನ ಹೆಂಡತಿ ಮಹಾನಂದಾ ಹೊಲಕ್ಕೆ ಚೆಲ್ಲುವ ಚರಗದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಮುಖದ ತುಂಬ ಎಳ್ಳ ಅಮಾವಾಸ್ಯೆಯ ಹುರುಪು. ಅವಳಿಗೆ ಹೇಳಬೇಕಾದ ಮಾತು ಬಹಳ ಚಿಕ್ಕದು. ಕೆರೆಯಂಗಳದಲ್ಲಿ ನೀನು ಕಡಲೆ ಬಿತ್ತಿರುವ ಪಟ್ಟಿಯನ್ನು ನಾನು ಹಕ್ಕಿಗಳಿಗೆ ಕೊಟ್ಟಿದ್ದೇನೆ. ಇಷ್ಟೇ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನು ಅವನು; ಎಂತೆಂಥ ಯುದ್ಧಗಳನ್ನು, ರಾಜ್ಯಗಳು ಕೈಬದಲಾದದ್ದನ್ನು ಒಂದೊಂದು ವಾಕ್ಯದಲ್ಲಿ ಹೇಳಿ ಮುಗಿಸಿ ಗಂಟೆ ಹೊಡೆಯುವ ಮೊದಲೇ ಡಸ್ಟರ್ ಕೊಡವಿದವನು. ಆದರೆ ಈ ಒಂದು ವಾಕ್ಯ ಮಾತ್ರ ಗಂಟಲಿಗೆ ಬಂದು ಕೂತು ಅಲ್ಲೇ ಸಂಸಾರ ಹೂಡಿತ್ತು. ಕೊಟ್ಟ ದಿನ ಸಂಜೆ ಹೇಳೋಣವೆಂದರೆ ಅವಳು ಒಲೆಯ ಮುಂದಿದ್ದಳು, ಕೆಂಡದ ಎದುರು ಕೂತವರಿಗೆ ಇಂಥದ್ದನ್ನು ಹೇಳುವುದು ಕ್ಷೇಮವಲ್ಲ. ಮರುದಿನ ಅವಳಿಗೆ ಸೋಮವಾರದ ಉಪವಾಸ, ಹಸಿದವರಿಗೆ ಹೇಳಬಾರದು. ಅದರ ಮಾರನೆಯ ದಿನ ಅವಳು ಉಂಡು ಸಂತೋಷವಾಗಿದ್ದಳು, ಸಂತೋಷವಾಗಿದ್ದವರಿಗೆ ಯಾಕೆ ಹೇಳಬೇಕು? ಹೀಗೆ ಹಬ್ಬವೇ ಬಂದುಬಿಟ್ಟಿತು. ಈಗ ಟ್ರ್ಯಾಕ್ಟರಿನ ಸದ್ದು ಬೇರೆ. ‘ಏನರ ಅಂದ್ರೇನು?’ ಎಂದು ಮಹಾನಂದಾ ಕೂಗಿ ಕೇಳಿದಳು. ‘ಏನಿಲ್ಲ, ಮಸರ ಚೆಲ್ಲಾತೈತಿ,’ ಎಂದು ಅವನೂ ಕೂಗಿ ಹೇಳಿದ.

ಅಸಲಿಗೆ ಆ ಪಟ್ಟಿ ಯಾರದೂ ಅಲ್ಲ, ಸರಕಾರದ್ದು. ದಸರೆ ಕಳೆದು ಕೆರೆಯ ನೀರು ಹಿಂದೆ ಸರಿದ ಹಾಗೆ ಕರಿಮಣ್ಣಿನ ಅಂಗಳ ಬಿಚ್ಚಿಕೊಳ್ಳುತ್ತದೆ, ಊರವರು ತಮ್ಮ ತಮ್ಮ ಪಟ್ಟಿಯಲ್ಲಿ ಕಡಲೆ, ಕುಸುಬೆ ಬಿತ್ತುತ್ತಾರೆ. ಯಾವ ಕಾಗದದಲ್ಲೂ ಇಲ್ಲದ ಆ ಗಡಿಗಳು ಎಲ್ಲರಿಗೂ ಗೊತ್ತು. ಅದೇ ಅಂಗಳದಲ್ಲಿ ಚಳಿಗಾಲಕ್ಕೆ ಎಲ್ಲಿಂದಲೋ ಹೆಬ್ಬಾತುಗಳು ಬಂದಿಳಿಯುತ್ತವೆ, ತಲೆಯ ಮೇಲೆ ಎರಡು ಕರಿಪಟ್ಟಿ ಎಳೆದುಕೊಂಡ ಗಂಭೀರ ಹಕ್ಕಿಗಳು. ಈಗ ಅದೇ ಅಂಗಳವನ್ನು ಊರಿಗೊಂದು ಉದ್ಯಾನ ಮಾಡಬೇಕು, ರೈತರೂ ಇರಬೇಕು, ಹಕ್ಕಿಯೂ ಇರಬೇಕು, ಸಂಜೆ ಮಕ್ಕಳು ಮುದುಕರು ಬಂದು ಕೂರುವಂತೆಯೂ ಇರಬೇಕೆಂದು ಯೋಜನೆ ಬಂದಿತ್ತು. ಧಾರವಾಡದಿಂದ ವೃಂದಾ ಎನ್ನುವ ಹೆಣ್ಣುಮಗಳು, ನಕ್ಷೆ ಮಾಡುವುದನ್ನೇ ಓದಿದವಳು, ಬಂದು ಪಂಚಾಯತಿಯ ಹಾಲಿನಲ್ಲಿ ಸಭೆ ಮಾಡಿದ್ದಳು. ಸಭೆ ಇಟ್ಟದ್ದು ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ, ಹೀಗಾಗಿ ಬಂದವರೆಲ್ಲ ಗಂಡಸರೇ. ಹಸಿರು ಬಣ್ಣ ಬೇಸಾಯಕ್ಕೆ, ಹಳದಿ ತಿರುಗಾಡಲಿಕ್ಕೆ, ನೀಲಿ ಹಕ್ಕಿಗಳಿಗೆ, ನೀಲಿಯಲ್ಲಿ ನೇಗಿಲೂ ಬೇಡ ಮನುಷ್ಯರೂ ಬೇಡ ಎಂದು ವೃಂದಾ ವಿವರಿಸಿದಾಗ ಎಲ್ಲರೂ ಬಹಳ ಚಲೋ ಅಂದರು. ನೀಲಿಗೆ ಯಾರು ಜಾಗ ಬಿಡುತ್ತೀರಿ ಎಂದು ಕೇಳಿದಾಗ ಮಾತ್ರ ಎಲ್ಲರಿಗೂ ಒಮ್ಮೆಲೇ ಕೆಮ್ಮು ಬಂತು.

ಆ ಕೆಮ್ಮಿನ ನಡುವೆ ತಾನು ಯಾಕೆ ಎದ್ದು ನಿಂತೆ ಎಂಬುದನ್ನು ಕಾಶಿನಾಥ ಆಮೇಲೆ ಎಷ್ಟೋ ಸಲ ವಿಚಾರ ಮಾಡಿದ. ಹಕ್ಕಿಗಳ ಮೇಲಿನ ಪ್ರೀತಿಯೇನಲ್ಲ. ಹತ್ತಿರ ಹೋದರೆ ಅವು ಕತ್ತು ಚಾಚಿ ಬರುತ್ತವೆ, ಅವನಿಗೆ ಹೆದರಿಕೆ. ಆ ಹುಡುಗಿ ಕೈಯಲ್ಲಿ ಪೆನ್ನು ಹಿಡಿದು ಸಭೆಯನ್ನೆಲ್ಲ ನೋಡುತ್ತ ನೋಡುತ್ತ ಅವನ ಮೇಲೆ ಕಣ್ಣು ನಿಲ್ಲಿಸಿದ್ದಳು, ಇಲ್ಲಿ ಓದಿದವರು ಇವರೊಬ್ಬರೇ ಎಂಬಂತೆ. ಅಷ್ಟೇ ಸಾಕಾಯಿತು. ‘ತ್ಯಾಗವೆಂಬುದು ಪಾಠದಲ್ಲಿ ಇದ್ದರೆ ಸಾಲದು, ಪಟ್ಟಿಯಲ್ಲಿಯೂ ಇರಬೇಕು. ನನ್ನ ಪಟ್ಟಿಯನ್ನು ನಾನು ಬಿಟ್ಟುಕೊಡುತ್ತೇನೆ,’ ಎಂದ. ಹೇಳುವಾಗಲೇ ವಾಕ್ಯ ಚೆನ್ನಾಗಿ ಬಂತೆಂದು ಅನ್ನಿಸಿತ್ತು. ಚಪ್ಪಾಳೆ ಬಿತ್ತು. ಬಾಜು ಪಟ್ಟಿಯ ಸಣ್ಣಪ್ಪ, ಮಾಸ್ತರನ ಮುಂದೆ ತಾನು ಕಡಿಮೆಯಾಗಬಾರದೆಂದು, ‘ನಂದೂ ಬರಕೋರಿ,’ ಎಂದು ಕೂತಲ್ಲಿಂದಲೇ ಕೂಗಿದ. ಅವನಿಗೂ ಚಪ್ಪಾಳೆ ಬಿತ್ತು, ತುಸು ಕಡಿಮೆ. ನನ್ನ ಪಟ್ಟಿ ಅಂದಿದ್ದ ಕಾಶಿನಾಥ. ಅದರ ಉದ್ದ ಎಷ್ಟು ಎಂದು ವೃಂದಾ ಕೇಳಿದಾಗ ಅವನಿಗೆ ಗೊತ್ತಿರಲಿಲ್ಲ, ಸಣ್ಣಪ್ಪ ಹೇಳಿದ. ಮದುವೆಯಾದ ಹೊಸದರಲ್ಲಿ ಒಮ್ಮೆ ಹೊಲ ನೋಡುತ್ತೇನೆಂದು ಬೂಟು ಹಾಕಿಕೊಂಡು ಇಳಿದು, ಎರಿ ಮಣ್ಣಿನಲ್ಲಿ ಬೂಟು ಅಲ್ಲೇ ಉಳಿದು ಕಾಲಷ್ಟೇ ಮೇಲೆ ಬಂದು, ಕೂಲಿಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದು, ಮಹಾನಂದಾ ನಗದೆ ಬಂದು ಎರಡೂ ಕೈಯಿಂದ ಬೂಟು ಕಿತ್ತು ಕೊಟ್ಟದ್ದು ಅವನಿಗೆ ಚಪ್ಪಾಳೆಯ ನಡುವೆಯೇ ನೆನಪಾಗಿತ್ತು. ಅಂದಿನಿಂದ ಬಿತ್ತಿದ್ದು, ಕಳೆ ತೆಗೆದದ್ದು, ಕುಡಿ ಚಿವುಟಿದ್ದು ಎಲ್ಲ ಅವಳೇ. ಕಡಲೆಯ ಹುಳಿಗೆ ಅವಳ ಹೆಬ್ಬೆರಳಿನ ಉಗುರು ಚಳಿಗಾಲವಿಡೀ ಕಪ್ಪಾಗಿರುತ್ತಿತ್ತು. ಅವನು ಹೊಲಕ್ಕೆ ಹೋಗುತ್ತಿದ್ದುದು ವರ್ಷಕ್ಕೊಮ್ಮೆ, ಇದೇ ಹಬ್ಬಕ್ಕೆ, ಚರಗ ಚೆಲ್ಲಲು.

ಇಷ್ಟರ ಮೇಲೆ ಅವನು ಇನ್ನೊಂದು ಘನಕಾರ್ಯ ಮಾಡಿದ್ದ. ಸಭೆ ಮುಗಿದು ಹೊರಡುವಾಗ ವೃಂದಾಳಿಗೆ, ಹಬ್ಬದ ದಿನ ನಮ್ಮ ಹೊಲಕ್ಕೇ ಊಟಕ್ಕೆ ಬರಬೇಕೆಂದು ಹೇಳಿದ್ದ. ಎಳ್ಳ ಅಮಾವಾಸ್ಯೆಗೆ ಊರಲ್ಲಿ ಯಾರು ಯಾರನ್ನು ಕಂಡರೂ ಹೊಲಕ್ಕೆ ಬರ್ರಿ ಅನ್ನುವುದು ಪದ್ಧತಿ, ಅನ್ನದಿದ್ದರೆ ಅವಮಾನ; ಹಾಗೆ ಅಂದದ್ದನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ವೃಂದಾ ಹಚ್ಚಿಕೊಂಡಳು. ಟ್ರ್ಯಾಕ್ಟರು ಕೆರೆಯ ಏರಿ ಇಳಿದು ನಿಂತಾಗ ಅವಳ ಸ್ಕೂಟರು ಬನ್ನಿ ಗಿಡದ ಕೆಳಗೆ ಆಗಲೇ ಬಂದು ನಿಂತಿತ್ತು, ಪಕ್ಕದಲ್ಲಿ ಅವಳು, ಹೆಗಲ ಮೇಲೆ ದೊಡ್ಡದೊಂದು ಸುರುಳಿ.

‘ಬರ್ರಿ ಬಾಯಾರ, ಬರ್ರಿ,’ ಎಂದು ಮಹಾನಂದಾ ಕೆಳಗಿಳಿಯುವ ಮೊದಲೇ ಕರೆದಳು. ‘ಇವರು ಹೇಳೇ ಇಲ್ಲ ನೀವು ಬರ್ತೀರಂತ.’

‘ಹೇಳಿಲ್ಲಾ? ಸರ್ ಭಾಳ ಸಂಕೋಚದ ಮಂದಿ ಬಿಡ್ರಿ,’ ಎಂದು ವೃಂದಾ ನಕ್ಕಳು. ‘ನಕ್ಷಾ ತಂದೀನಿ ಅಕ್ಕಾರ. ಫ್ಲೆಕ್ಸಿನ ಮ್ಯಾಲೆ ದೊಡ್ಡದಾಗಿ ಹೊಡಿಸೀನಿ. ಎಲ್ಲಾರೂ ಒಮ್ಮೆ ನೋಡಿ ಹೂಂ ಅಂದ್ರ ನಾಳೆ ಮ್ಯಾಲಿನ ಆಫೀಸಿಗೆ ಕಳಸೋದದ.’

‘ಊಟಾದ ಮ್ಯಾಲ ನೋಡೂಣು,’ ಎಂದ ಕಾಶಿನಾಥ, ಸುರುಳಿಯನ್ನು ಅವಳ ಹೆಗಲಿನಿಂದ ಇಳಿಸಿಕೊಳ್ಳಲು ಎರಡೂ ಕೈ ಚಾಚುತ್ತ. ‘ಮದಲ ಊಟಾ. ಹಬ್ಬದ ದಿನಾ ನಕ್ಷಾ ಗಿಕ್ಷಾ ಯಾಕ್ರಿ.’ ಸುರುಳಿಯನ್ನು ಟ್ರೇಲರಿನಡಿ ಹುಲ್ಲಿನೊಳಗೆ ತುರುಕಿ ಬರಬೇಕೆಂಬುದು ಅವನ ಎಣಿಕೆ. ಆದರೆ ಅವನ ತಾಯಿ ಗುರವ್ವ ಆಗಲೇ ಅದರ ಇನ್ನೊಂದು ತುದಿ ಹಿಡಿದಾಗಿತ್ತು. ಜಮಖಾನೆ ಮನೆಯಲ್ಲೇ ಉಳಿದುಬಿಟ್ಟಿದೆ ಎಂದು ಅವಳು ದಾರಿಯುದ್ದಕ್ಕೂ ಚಡಪಡಿಸುತ್ತಿದ್ದಳು. ಊರಲ್ಲಿ ಫ್ಲೆಕ್ಸಿಗೆ ಇರುವ ಉಪಯೋಗ ಅವಳಿಗೆ ಚೆನ್ನಾಗಿ ಗೊತ್ತು. ಚುನಾವಣೆಗೆ ನಿಂತವರ ಮುಖದ ಮೇಲೆ ಮೆಣಸಿನಕಾಯಿ ಒಣಗಿಸಿದವಳು, ಹುಟ್ಟುಹಬ್ಬದ ಶುಭಾಶಯವನ್ನು ಎಮ್ಮೆಯ ಕೊಟ್ಟಿಗೆಗೆ ಮರೆ ಕಟ್ಟಿದವಳು.

‘ಬಂಗಾರದಂಥಾ ಹಾಸಿಗಿ ತಂದೀಯವ್ವಾ,’ ಎಂದು ವೃಂದಾಳಿಗೆ ಹೇಳಿ ಗುರವ್ವ ಒಂದೇ ಸಲಕ್ಕೆ ಜಾಡಿಸಿ ಅದನ್ನು ಬನ್ನಿ ಗಿಡದ ನೆರಳಿಗೆ ಹಾಸಿಬಿಟ್ಟಳು. ವೃಂದಾಳ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ಆಮೇಲೆ ಅವಳೇ ನಕ್ಕು ಚಪ್ಪಲಿ ಕಳಚಿದಳು. ಕೆರೆಯಂಗಳವೆಲ್ಲ ಹಸಿರು, ಹಳದಿ, ನೀಲಿಯಾಗಿ ಕಾಶಿನಾಥನ ಕಾಲ ಕೆಳಗೆ ಬಿದ್ದುಕೊಂಡಿತು. ಪ್ರತಿ ಪಟ್ಟಿಯ ಮೇಲೂ ದಪ್ಪ ಅಕ್ಷರದಲ್ಲಿ ಹೆಸರು.

‘ಬಿಳೇದ ಮ್ಯಾಲ ಮಾಡೂಣು ಬೇ,’ ಎಂದು ಅವನು ತಾಯಿಗೆ ಹೇಳಿ, ಮಗುಚಿ ಹಾಸಲು ಒಂದು ಮೂಲೆ ಎತ್ತಿದ.

‘ಬಿಳೇದು ಹೊಲಸ ಆಕ್ಕೈತಿ. ಬಣ್ಣದ್ದು ಇರ್ಲಿ, ಎಣ್ಣಿ ಚೆಲ್ಲಿದ್ರೂ ಕಾಣಂಗಿಲ್ಲ. ಬಿಡಲೇ.’

ಬಿಟ್ಟ. ಬಿಟ್ಟು, ಒಂದೇ ದೃಷ್ಟಿಯಲ್ಲಿ ತನ್ನ ಹೆಸರನ್ನು ಹುಡುಕಿ, ಅದರ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ. ಕಾಶಿನಾಥ ಎಂಬ ಅಕ್ಷರಗಳು ಎಡ ತೊಡೆಯಿಂದ ಬಲ ತೊಡೆಯವರೆಗೂ ಸರಿಯಾಗಿ ಹಿಡಿದವು, ‘ಥ’ದ ಬಾಲ ಮಾತ್ರ ಹೊರಗೆ ಉಳಿಯಿತು, ಅದರ ಮೇಲೆ ಧೋತರದ ಚುಂಗು ಎಳೆದುಕೊಂಡ. ಜೀವನದಲ್ಲಿ ಮೊದಲ ಬಾರಿ ತನ್ನ ಪಟ್ಟಿಯ ಅಳತೆ ಅವನಿಗೆ ಗೊತ್ತಾಗಿತ್ತು. ಅಷ್ಟರಲ್ಲಿ ಬಾಜು ಪಟ್ಟಿಯಿಂದ ಸಣ್ಣಪ್ಪ ತನ್ನ ಹೆಂಡತಿ ಫಕೀರವ್ವನನ್ನು ಕರೆದುಕೊಂಡು ಬಂದ. ಎರಡೂ ಮನೆಯವರು ಹಬ್ಬಕ್ಕೆ ಒಂದೇ ಕಡೆ ಕೂತು ಉಣ್ಣುವುದು ರೂಢಿ. ಸಣ್ಣಪ್ಪ ಫ್ಲೆಕ್ಸನ್ನು ಕಂಡ, ಕಾಶಿನಾಥ ಕೂತ ಭಂಗಿಯನ್ನು ಕಂಡ, ಕ್ಷಣ ನಿಂತ, ಆಮೇಲೆ ಬಂದು ಅವನ ಪಕ್ಕದ ನೀಲಿಯ ಮೇಲೆ ಅಷ್ಟೇ ಬಿಗಿಯಾಗಿ ಕೂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನೀನೂ ಹೇಳಿಲ್ಲವೇನೋ ಎಂಬ ಸಮಾಧಾನ ಕಾಶಿನಾಥನ ಎದೆಯಲ್ಲಿ ತಣ್ಣಗೆ ಇಳಿಯಿತು. ಫಕೀರವ್ವ ಸೀದಾ ಹೋಗಿ ಹಳದಿ ದಾರಿಯ ಮೇಲೆ ಕೂತಳು. ಗುರವ್ವ ಬದನೆಕಾಯಿ ಎಣ್ಣಿಗಾಯಿಯ ಪಾತ್ರೆಯನ್ನು ಮಕ್ಕಳ ಆಟದ ಜಾಗದಲ್ಲಿಟ್ಟಳು.

ಮಹಾನಂದಾ ಗಿಡದ ಬುಡದ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ, ಕುಂಕುಮವಿಟ್ಟು, ಕಾಯಿ ಒಡೆದು ಪೂಜೆ ಮುಗಿಸುವವರೆಗೂ ಅವನಿಗೆ ಇನ್ನೊಂದು ಸಂಗತಿ ಹೊಳೆದಿರಲಿಲ್ಲ. ಊಟಕ್ಕೆ ಮೊದಲು ಚರಗ. ಮಾಡಿದ ಅಡಿಗೆಯನ್ನೆಲ್ಲ ಕಲಸಿದ ಬುಟ್ಟಿ ಹಿಡಿದು ಮನೆಯ ಗಂಡಸು ಮುಂದೆ ನಡೆಯಬೇಕು, ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಹೊಲದ ತುಂಬ ಚೆಲ್ಲಬೇಕು. ಹೆಂಡತಿ ನೀರಿನ ತಂಬಿಗೆ ಹಿಡಿದು ಹಿಂದಿನಿಂದ ‘ಚಲಾಂಬ್ರಿಗೋ’ ಎಂದು ನೀರು ಚಿಮುಕಿಸಬೇಕು. ಅಂದರೆ ಅವನು ಏಳಬೇಕು.

‘ಏಳ್ರಿ, ಹೊತ್ತಾತು,’ ಎಂದಳು ಮಹಾನಂದಾ.

‘ಕಾಲ ಜೋಮ ಹಿಡದಾವ.’

‘ಈಗ ಕುಂತೀರಿ.’

‘ಈಗ ಹಿಡದಾವ,’ ಎಂದ. ಆಮೇಲೆ ತನಗೇ ಅಸಹ್ಯವಾಗುವಷ್ಟು ನಯವಾದ ದನಿಯಲ್ಲಿ, ‘ಈ ಸರ್ತೆ ನಮ್ಮ ಹೊಲದಾಗೂ ಸಣ್ಣಪ್ಪನ ಚೆಲ್ಲಿ ಬರ್ಲಿ ತಗೋ,’ ಅಂದ. ಸಣ್ಣಪ್ಪ ಗಾಬರಿಯಿಂದ, ತನಗೆ ಸೊಂಟನೋವು, ಏಳುವುದಿರಲಿ ಹೊರಳುವುದೂ ಆಗುವುದಿಲ್ಲ ಎಂದ. ಗುರವ್ವ ಮಗನ ಮುಖವನ್ನು ದುರುಗುಟ್ಟಿ ನೋಡಿದಳು. ‘ತಲಿ ನೆಟ್ಟಗೈತಿಲ್ಲೋ ನಿಂದು? ನಮ್ಮ ಹೊಲದಾಗ ಅಂವಾ ಚರಗಾ ಚೆಲ್ಲಿದ್ರ ಹೊಲಾ ಯಾರದ ಆತು?’

‘ಅಂದ್ರ, ತಮ್ಮ ಹೊಲದಾಗ ಅಷ್ಟ ಚೆಲ್ಲೋದೇನ್ರಿ ಅವ್ವಾರ?’ ವೃಂದಾ ಕುತೂಹಲದಿಂದ ಕೇಳಿದಳು.

‘ತಮ್ಮದ್ರಾಗ ಅಷ್ಟ ಯವ್ವಾ. ಯಾರ ಚೆಲ್ಲತಾರೋ ಅವರದ ಅದು. ಊರೆಲ್ಲಾ ನೋಡತೈತಲ್ಲ.’

‘ಹಂಗಾದ್ರ ಈ ವರ್ಷ ಸರ್ ಎಲ್ಲಿ ಚೆಲ್ತಾರ?’ ಎಂದಳು ವೃಂದಾ. ಅವಳ ದನಿಯಲ್ಲಿ ಕೆಡುಕಿನ ಎಳೆಯಷ್ಟೂ ಇರಲಿಲ್ಲ. ಇದ್ದಿದ್ದರೆ ಕಾಶಿನಾಥನಿಗೆ ಬೈದುಕೊಳ್ಳಲು ಯಾರಾದರೂ ಸಿಗುತ್ತಿದ್ದರು. ‘ಅವರು ಹಕ್ಕಿಗೆ ಕೊಟ್ಟುಬಿಟ್ಟಾರಲ್ಲ. ಸಭಾದಾಗ ಎಷ್ಟು ಚಂದ ಮಾತಾಡಿದ್ರು, ಅಕ್ಕಾರ. ನಿಮಗ ಹೇಳೇ ಇರ್ತಾರಲ್ಲ.’

ಮಹಾನಂದಾ ಬುಟ್ಟಿಯನ್ನು ಕೆಳಗಿಟ್ಟಳು. ‘ಏನ ಕೊಟ್ಟಾರ?’

‘ಅಲ್ಲೇ ಅದರೀ. ಸರ್ ಕೂತಾರಲ್ಲ, ಅವರ ಕೆಳಗ.’

‘ಏಳ್ರಿ,’ ಎಂದಳು ಮಹಾನಂದಾ ಇನ್ನೊಮ್ಮೆ. ಮೊದಲಿನ ಏಳ್ರಿಗೂ ಇದಕ್ಕೂ ಇರುವ ಅಂತರವನ್ನು ಅವನ ಕಾಲುಗಳೇ ಅರ್ಥ ಮಾಡಿಕೊಂಡು ಎದ್ದು ನಿಂತವು, ಜೋಮು ಎಲ್ಲೋ ಹೋಗಿತ್ತು. ಕೆಳಗೆ ನೀಲಿ. ನೀಲಿಯ ಮೇಲೆ ಅವನ ಹೆಸರು, ಕೂತು ಕೂತು ಬೆಚ್ಚಗಾದ ಹೆಸರು. ಅವಳು ಬಗ್ಗಿ ಓದಿದಳು. ಏಳನೆಯ ತರಗತಿಯವರೆಗೆ ಓದಿದವಳು, ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದುತ್ತಾಳೆ. ಆ ನಿಧಾನವನ್ನು ನೋಡುತ್ತ ನಿಲ್ಲುವುದು ಅವನಿಗೆ ಎಂಥ ಬೈಗುಳಕ್ಕಿಂತಲೂ ಕಷ್ಟವಾಯಿತು. ಅಷ್ಟರಲ್ಲಿ ಫಕೀರವ್ವನ ಕಣ್ಣು ನೀಲಿಯ ಗುಂಟ ಹರಿದು ಬಂದು ತನ್ನ ಗಂಡನ ತೊಡೆಯ ಹತ್ತಿರ ನಿಂತಿತು.

‘ನೀನೂ ಏಳ,’ ಎಂದಳು.

‘ಸೊಂಟಾ,’ ಎಂದ ಸಣ್ಣಪ್ಪ ಕ್ಷೀಣವಾಗಿ.

‘ಸೊಂಟಾ ಮುರದ್ರ ನಾ ನೋಡ್ಕೊತೀನಿ, ಏಳ.’ ಅವನೂ ಎದ್ದ. ವೃಂದಾಳಿಗೆ ಈಗ ಎಲ್ಲ ತಿಳಿಯಿತು. ಕೈಯಲ್ಲಿದ್ದ ತಟ್ಟೆಯನ್ನು ಎದೆಗವಚಿಕೊಂಡು, ನಾನು ಸಭೆ ಕರೆದ ಹೊತ್ತೇ ತಪ್ಪಾಯಿತು ಅನ್ನಿಸುತ್ತದೆ ಎಂದು ಮೆಲ್ಲಗೆ ಅಂದಳು. ಫಕೀರವ್ವ ಹೌದೆಂದು ತಲೆಯಾಡಿಸಿದಳು.

ಮಹಾನಂದಾ ಚರಗದ ಬುಟ್ಟಿ ಎತ್ತಿ ಕಾಶಿನಾಥನ ಕೈಗೆ ಕೊಟ್ಟಳು. ‘ನಡೀರಿ,’ ಎಂದಳು ಅಷ್ಟೇ. ಅವನು ಮುಂದೆ, ಅವಳು ತಂಬಿಗೆ ಹಿಡಿದು ಹಿಂದೆ. ಗಿಡದ ನೆರಳು ಮುಗಿದು ಬಿಸಿಲು ಸುರುವಾದಲ್ಲಿ ಕಡಲೆಯೂ ಸುರುವಾಗುತ್ತಿತ್ತು, ಮೊಣಕಾಲಿಗೂ ಬಾರದ ಗಿಡಗಳು, ಎಲೆಯ ಮೇಲೆ ಹುಳಿಯ ಹೊಳಪು, ಪಟ್ಟಿಯ ಆಚೆ ತುದಿಯಲ್ಲಿ ನೀರು, ನೀರಿನಂಚಿಗೆ ಹೆಬ್ಬಾತುಗಳ ಹಿಂಡು ಬಗ್ಗಿ ಬಗ್ಗಿ ಮೇಯುತ್ತಿತ್ತು. ಮೊದಲ ಸಾಲಿಗೆ ಅವನ ಕಾಲು ನಿಂತಿತು. ಚೆಲ್ಲಿದರೆ ಇದು ನಮ್ಮದೆಂದು ಆ ಹುಡುಗಿಯ ಎದುರಿಗೇ ಸಾರಿದಂತೆ, ಸಭೆಯ ಮಾತು, ಚಪ್ಪಾಳೆ ಎಲ್ಲ ನೀರುಪಾಲು. ಚೆಲ್ಲದೆ ಹೋದರೆ ಹಿಂದೆ ನಿಂತವಳಿಗೆ, ನೀನು ಇಷ್ಟು ವರ್ಷ ದುಡಿದದ್ದು ಯಾರದೋ ನೆಲದಲ್ಲಿ ಎಂದು ಹಬ್ಬದ ದಿನವೇ ಹೇಳಿದಂತೆ. ಬುಟ್ಟಿಯೊಳಗೆ ಕೈ ಹಾಕಿ ಹಿಡಿ ತುಂಬಿಕೊಂಡ. ಬೆರಳ ಸಂದಿಯಿಂದ ಬೆಲ್ಲದ ಪಾಕ ಇಳಿಯಿತು. ಗಂಟಲಿನಿಂದ ‘ಹುಲ್ಲುಲ್ಲಿಗೋ’ ಬರಲಿಲ್ಲ. ಈ ಹೊಲದಲ್ಲಿ ತಾನು ಯಾರು ಎಂದು ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಕೊಡಲಿಕ್ಕೂ ಅಧಿಕಾರವಿಲ್ಲದವನು, ಕೂಗಲಿಕ್ಕೂ ಇಲ್ಲದವನು, ಕೈಯಲ್ಲಿ ಹೋಳಿಗೆಯ ಮುದ್ದೆ ಹಿಡಿದು ನಿಂತ ಒಬ್ಬ ಮಾಸ್ತರ.

‘ಕೇಳ್ರಿ,’ ಎಂದಳು ಮಹಾನಂದಾ ಹಿಂದಿನಿಂದ.

‘ಏನ?’

‘ಅವತ್ತ ಏನ ಕೇಳೂದಿತ್ತೋ ಅದನ್ನ ಈಗ ಕೇಳ್ರಿ.’

ಬಯಲಿನಲ್ಲಿ ಮಾತು ಬಹಳ ದೂರ ಹೋಗುತ್ತದೆ. ನಕ್ಷೆಯ ಮೇಲಿದ್ದವರೆಲ್ಲ ಇತ್ತ ತಿರುಗಿದ್ದರು, ಗುರವ್ವ ಕಿವಿಯ ಮೇಲಿನ ಸೆರಗು ಸರಿಸಿದ್ದಳು. ಕಾಶಿನಾಥ ತಿರುಗಿ ನಿಂತು ಗಂಟಲು ಸರಿಮಾಡಿಕೊಂಡ. ‘ಸಾರ್ವಜನಿಕ ಹಿತದೃಷ್ಟಿಯಿಂದ ವಿಚಾರ ಮಾಡಿದಾಗ...’

‘ನನಗ ಕೇಳ್ರಿ. ಸಭಾಕ್ಕಲ್ಲ.’

ಮದುವೆಯಾದಂದಿನಿಂದ ಅವಳನ್ನು ತಾನು ಏನೇನು ಕೇಳಿದ್ದೇನೆ ಎಂದು ಹುಡುಕಿದ. ಚಹಾ ಆಯಿತೇ, ಅಂಗಿ ಎಲ್ಲಿ, ಗುಡಗೇರಿ ಸಂತೆಗೆ ಯಾರು ಹೋಗುತ್ತಾರೆ. ಉತ್ತರ ಏನು ಬರುತ್ತದೆಂದು ಗೊತ್ತಿಲ್ಲದ ಪ್ರಶ್ನೆಯನ್ನು ಕೇಳಿದ ನೆನಪಾಗಲಿಲ್ಲ. ‘ಈ ಪಟ್ಟಿ,’ ಎಂದ, ದನಿ ತೀರ ಸಣ್ಣದಾಗಿ ಬಂತು, ‘ಈ ಪಟ್ಟಿ ಹಕ್ಕಿಗೆ ಬಿಟ್ಟು ಕೊಡ್ತೀಯೇನು, ಮಾನಂದಾ?’

ಅವಳು ಹೊಲದ ಈ ಅಂಚಿನಿಂದ ಆ ಅಂಚಿಗೆ ನೋಡಿದಳು, ಹೆಬ್ಬಾತುಗಳನ್ನೂ ನೋಡಿದಳು, ನಕ್ಷೆಯ ಮೇಲೆ ತಟ್ಟೆ ಹಿಡಿದು ನಿಂತಿದ್ದ ವೃಂದಾಳ ಕಡೆಗೂ ಒಮ್ಮೆ ತಿರುಗಿದಳು. ಅವಳು ನಿಜವಾಗಿಯೂ ವಿಚಾರ ಮಾಡುತ್ತಿದ್ದಾಳೆ ಎಂಬುದು ಕಾಶಿನಾಥನಿಗೆ ಕಂಡಿತು. ಪಂಚಾಯತಿಯ ಹಾಲಿನಲ್ಲಿ ಎದ್ದು ನಿಂತಾಗ ತಾನು ಇಷ್ಟು ಹೊತ್ತು ವಿಚಾರ ಮಾಡಿರಲಿಲ್ಲ.

‘ಇಲ್ರಿ,’ ಎಂದಳು. ‘ಕೊಡಂಗಿಲ್ಲ.’

ಅಷ್ಟು ಹೇಳಿ ಅವನ ಕೈಯಿಂದ ಬುಟ್ಟಿ ಇಸಿದುಕೊಂಡು ತಂಬಿಗೆಯನ್ನು ಅವನಿಗೆ ಕೊಟ್ಟಳು. ‘ಹುಲ್ಲುಲ್ಲಿಗೋ’ ಎಂದು ಅವಳು ಕೂಗಿದ ದನಿಗೆ ನೀರಿನಂಚಿನ ಹಕ್ಕಿಗಳು ಕತ್ತು ಎತ್ತಿದವು. ಅವನಿಗೆ ಬೇರೆ ದಾರಿ ಇರಲಿಲ್ಲ. ‘ಚಲಾಂಬ್ರಿಗೋ,’ ಎಂದ ಹಿಂದಿನಿಂದ, ನೀರು ಚಿಮುಕಿಸುತ್ತ. ಹೆಂಗಸರು ಹೇಳುವ ಮಾತು, ಮೊದಲ ಸಲ ಬಾಯಲ್ಲಿ ಎಡವಿತು, ಎರಡನೆಯ ಸಲ ಸರಿಯಾಯಿತು. ಚಪ್ಪಲಿಗೆ ಎರಿ ಮಣ್ಣು ಹತ್ತಿ ಹತ್ತಿ ಹೆಜ್ಜೆ ಭಾರವಾದಾಗ ಚಪ್ಪಲಿ ಕಳಚಿ ಬದುವಿಗೆಸೆದು ಬರಿಗಾಲಲ್ಲಿ ನಡೆದ. ಅವಳು ಒಂದು ಸಾಲನ್ನೂ ಬಿಡದೆ ನೀರಿನವರೆಗೂ ಚೆಲ್ಲಿದಳು. ಹೆಬ್ಬಾತುಗಳು ಹಾರಲಿಲ್ಲ, ಅವಳಿಗೆ ದಾರಿ ಬಿಟ್ಟು ಸರಿದು, ಅವಳು ಮುಂದೆ ಹೋದ ಮೇಲೆ ಹೋಳಿಗೆಯ ಚೂರಿಗೆ ಹಿಂದಿರುಗಿ ಬಂದವು. ಕಾಶಿನಾಥನ ಕಡೆಗೆ ಮಾತ್ರ ಒಂದು ಕತ್ತು ಚಾಚಿತು. ಅವನು ನೀರನ್ನು ಸ್ವಲ್ಪ ದೂರದಿಂದಲೇ ಚಿಮುಕಿಸಿದ.

ಮರಳಿ ಬಂದಾಗ ನಕ್ಷೆಯ ಮೇಲೆ ಬೇರೆಯೇ ಕೆಲಸ ನಡೆದಿತ್ತು. ಫಕೀರವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು, ಎದುರಿಗೆ ಸಣ್ಣಪ್ಪ. ‘ನನಗೂ ಕೇಳ. ಮಾಸ್ತರ ಕೇಳಿದ್ರಲ್ಲ, ಹಂಗ ಕೇಳ.’ ಸಣ್ಣಪ್ಪ ಗಿಡದ ಕಡೆ ಮುಖ ಮಾಡಿ ಅದೇ ಮಾತನ್ನು ಕೇಳಿದ. ಅವಳು ಇನ್ನೊಮ್ಮೆ ಕೇಳಿಸಿದಳು, ಗಟ್ಟಿಯಾಗಿ, ತನ್ನ ಮುಖ ನೋಡಿ. ಆಮೇಲೆ ವೃಂದಾಳ ಕಡೆ ತಿರುಗಿ, ‘ಕೊಟ್ಟೆ ತಗೋರಿ ಬಾಯಾರ. ಅಲ್ಲೆ ಹೆಂಗೂ ಮೊಣಕಾಲಮಟಾ ಕೆಸರು. ಆದ್ರ ಆ ಹೆಸರ ಅಳಸ್ರಿ. ಫಕೀರವ್ವ ಕೊಟ್ಟಾಳಂತ ಬರೀರಿ,’ ಎಂದಳು. ವೃಂದಾ ಪೆನ್ನು ತೆಗೆದು ಅಲ್ಲೇ ಮಂಡಿಯೂರಿ ಬರೆದಳು. ಎಣ್ಣಿಗಾಯಿಯ ಎಣ್ಣೆ ಬಿದ್ದಿದ್ದರಿಂದ ಮೊದಲ ಅಕ್ಷರ ಹತ್ತಲಿಲ್ಲ, ಒರಸಿ ಮತ್ತೆ ಬರೆದಳು. ಕಾಶಿನಾಥನ ನೀಲಿಯ ಮೇಲೆ ಅಡ್ಡಗೆರೆ ಎಳೆದು ಮಹಾನಂದಾ, ಕಡಲೆ ಎಂದು ಬರೆದಳು. ಎಲ್ಲರೂ ಫಕೀರವ್ವನಿಗೆ ಚಪ್ಪಾಳೆ ತಟ್ಟಿದರು. ಕಾಶಿನಾಥನೂ ತಟ್ಟಿದ, ಬೆಲ್ಲ ಮೆತ್ತಿದ ಕೈಯಲ್ಲಿ. ಹೊಟ್ಟೆಕಿಚ್ಚು ಎಂಬುದು ಇಷ್ಟು ಸ್ಪಷ್ಟವಾಗಿ ಅವನಿಗೆ ಎಂದೂ ಆಗಿರಲಿಲ್ಲ.

ಊಟಕ್ಕೆ ಕೂರಲು ಉಳಿದದ್ದು ಒಂದೇ ಜಾಗ, ಸಾರ್ವಜನಿಕ ಶೌಚಾಲಯ ಎಂದು ಬರೆದ ಮೂಲೆ. ಅಲ್ಲೇ ಕೂತ. ಭಯಂಕರ ಹಸಿವಾಗುತ್ತಿತ್ತು. ಮಹಾನಂದಾ ಬಡಿಸುತ್ತ ಬಂದು ಅವನ ತಟ್ಟೆಗೆ ಸಜ್ಜೆ ರೊಟ್ಟಿ, ಪಲ್ಯ, ಎಳ್ಳಿನ ಹೋಳಿಗೆ ಹಾಕಿದಳು. ಅವಳ ಕಪ್ಪಾದ ಹೆಬ್ಬೆರಳು ತಟ್ಟೆಯ ಅಂಚಿಗೆ ಬಂದು ಹೋಯಿತು. ತಪ್ಪಾಯಿತು ಅನ್ನಬೇಕೆಂದು ಬಾಯಿ ತೆರೆದ. ಅಷ್ಟು ಮಂದಿಯಲ್ಲಿ ಬೇರೆಯೇ ಮಾತು ಬಂತು.

‘ಮುಂದಿನ ವರ್ಷ ಇನ್ನೊಮ್ಮೆ ಕೇಳ್ಲೇನು?’

ಅವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಅವನನ್ನು ನೋಡಿದಳು. ನಗು ತಡೆದಿದ್ದಳೋ ಇಲ್ಲವೋ, ಸೆರಗಿನ ನೆರಳಿನಲ್ಲಿ ಅವನಿಗೆ ತಿಳಿಯಲಿಲ್ಲ.

‘ಕೇಳ್ರಿ,’ ಎಂದಳು. ‘ವರ್ಷಾ ವರ್ಷಾ ಕೇಳ್ರಿ.’